ಇಂಗ್ಲಿಷ್ ಪೇಪರಿನ ದೇವರು

ಜುಲೈ 9, 1974. ಸಿಂದಗಿ

ಬಂದೆ. ವಿಜಾಪುರದಿಂದ ಬಸ್ಸಿನಲ್ಲಿ ನನ್ನ ಪಕ್ಕ ಒಂದು ಆಡು ಇತ್ತು. ಇಳಿಯುವಾಗ ನನ್ನ ಅಂಗಿ, ಕೂದಲು, ಬೈಬಲ್ಲು ಮೂರೂ ಧೂಳಿನ ಒಂದೇ ಬಣ್ಣ ಆಗಿದ್ದವು. ಆಡು ಮಾತ್ರ ಸ್ವಚ್ಛವಾಗಿ ಇಳಿಯಿತು.

ಈ ದಿನಚರಿ ನನಗೊಬ್ಬನಿಗೇ. ಬ್ರದರ್ ಜಯರಾಜರಿಗೆ ಕಳಿಸುವ ವರದಿಯಲ್ಲಿ ನಿಜ ಬರೆಯುವ ಪದ್ಧತಿ ಇಲ್ಲ, ಅದಕ್ಕೆ ಬೇರೆ ಜಾಗ ಬೇಕು. ಬ್ರದರ್ ಹುಬ್ಬಳ್ಳಿಯಲ್ಲಿ ನಮ್ಮ ವಿದ್ಯಾರ್ಥಿ ಸುವಾರ್ತಾ ಸಂಘದ ಕಾರ್ಯದರ್ಶಿ. ಮದ್ರಾಸಿನ ಕಡೆಯವರು. ಗೋಡೆಗೆ ನಕಾಶೆ ಹಾಕಿ, ಕಾಲೇಜು ಇರುವ ಊರಿಗೆಲ್ಲ ಕೆಂಪು ಗುಂಡುಸೂಜಿ ಚುಚ್ಚುತ್ತಾರೆ. ಸಿಂದಗಿಗೆ ಚುಚ್ಚಿದ ಸೂಜಿ ನಾನು. ಹೊರಡುವಾಗ ಹೆಗಲ ಮೇಲೆ ಕೈಯಿಟ್ಟು ಅಂದರು: "ಸಹೋದರ ಹಾನೋಕ, ಒಂದು ವರ್ಷ. ಒಬ್ಬನೇ ಒಬ್ಬ ವಿದ್ಯಾರ್ಥಿ ದೀಕ್ಷಾಸ್ನಾನಕ್ಕೆ ಬಂದು, ನೀರಿನಲ್ಲಿ ಮುಳುಗಿ ಎದ್ದು ಕ್ರಿಸ್ತನವನಾದರೂ ಸಾಕು. ಬಾರದಿದ್ದರೆ ಸಿಂದಗಿ ಮುಚ್ಚೋಣ. ನಿಮಗೆ ಪುಸ್ತಕದ ಅಂಗಡಿ ಇದ್ದೇ ಇದೆ."

ಪುಸ್ತಕದ ಅಂಗಡಿ ಎಂದರೆ ಹಿಂದಿನ ಕತ್ತಲೆ ಕೋಣೆಯಲ್ಲಿ ಕೂತು ಕ್ಯಾಲೆಂಡರು ಸುರುಳಿ ಸುತ್ತಿ ರಬ್ಬರು ಹಾಕುವುದು. ಆರು ವರ್ಷ ಸುತ್ತಿದ್ದೇನೆ. ಇನ್ನು ಸುತ್ತುವುದಿಲ್ಲ, ದೇವರಾಣೆ. ಆಣೆ ಇಡಬಾರದು, ಇಟ್ಟೆ.

ಕಾಲೇಜು ಹುಡುಗರು ಉಣ್ಣುವ ಶೆಟ್ಟೆವ್ವನ ಖಾನಾವಳಿಯ ಹಿಂದೆ ಒಂದು ಖೋಲಿ ಹಿಡಿದಿದ್ದೇನೆ. ಹೆಸರು ಕೇಳಿದಳು. ಹಾನೋಕ ಅಂದೆ. ಬಾಯೊಳಗೆ ಎರಡು ಸಲ ತಿರುಗಿಸಿ, "ಹನಕಪ್ಪ. ಚಲೋ ಐತಿ" ಅಂದಳು. ಯಾವ ಮಂದಿ ಎಂದು ಕೇಳಿದಳು. ಕ್ರಿಸ್ತಾನರು ಅಂದೆ. "ಹಂಗಾರ ಖಾರ ಕಡಿಮಿ ಹಾಕ್ಲೇನ್ರಿ?" ಅಂದಳು. ನಮ್ಮಜ್ಜ ಗದಗಿನ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲಿ ಮಾಡಿದವನು. ಇವಳ ಲೆಕ್ಕದಲ್ಲಿ ನಾನು ವಿಲಾಯತಿ ಸಾಹೇಬ.

ಜುಲೈ 18

ಕಾಲೇಜಿನ ಗೇಟಿನಲ್ಲಿ ನಿಂತು 'ನೀನು ದಾರಿ ತಪ್ಪಿರುವೆಯಾ?' ಎಂಬ ಕರಪತ್ರ ಹಂಚಿದೆ. ಹುಬ್ಬಳ್ಳಿಯಲ್ಲಾದರೆ ಹುಡುಗರು ಹರಿದು ಎಸೆಯುತ್ತಾರೆ. ಅದನ್ನು ನಾವು ಹಿಂಸೆ ಎಂದು ಕರೆದು ಹೆಮ್ಮೆಯಿಂದ ವರದಿಯಲ್ಲಿ ಬರೆಯುತ್ತೇವೆ. ಇಲ್ಲಿ ಆ ಭಾಗ್ಯವೂ ಇಲ್ಲ. ಎರಡೂ ಕೈಯಿಂದ ತಗೊಂಡು ಹಣೆಗೆ ಒತ್ತಿಕೊಳ್ಳುತ್ತಾರೆ. ಒಬ್ಬನು ನಿಂತು ಪೂರ್ತಿ ಓದಿ, ಬಹಳ ಕಾಳಜಿಯಿಂದ, "ನಿಮಗ ಎಲ್ಲಿಗೆ ಹೋಗಬೇಕಾಗಿತ್ರಿ?" ಎಂದು ಕೇಳಿ ಸೈಕಲ್ ತಂದ.

ಸಂಜೆ ಖಾನಾವಳಿಯಲ್ಲಿ ನೋಡುತ್ತೇನೆ, ಶೆಟ್ಟೆವ್ವ ಆ ಕರಪತ್ರದಲ್ಲಿ ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದಾಳೆ. "ಕಾಗದ ಭಾಳ ಚಲೋ ಐತ್ರಿ, ಎಣ್ಣಿ ಜಿನಗಂಗಿಲ್ಲ" ಅಂದಳು. ಇನ್ನೂ ಎರಡು ಗಂಟು ಇದೆ. ಒಂದು ಅವಳಿಗೇ ಕೊಟ್ಟೆ.

ಆಗಸ್ಟ್ 4

ಹೋದ ರವಿವಾರ ಮೊದಲ ಪ್ರಾರ್ಥನಾ ಕೂಟ ಇತ್ತು. ಚಾಪೆ ಹಾಸಿ, ಹಾಡಿನ ಪುಸ್ತಕ ಜೋಡಿಸಿ ಕೂತೆ. ಬಹಳ ಹೊತ್ತಿನ ಮೇಲೆ ಶೆಟ್ಟೆವ್ವನ ಎಮ್ಮೆಕರು ಬಾಗಿಲಲ್ಲಿ ಮುಖ ಹಾಕಿ, ಒಳಗೆ ಯಾರೂ ಇಲ್ಲದ್ದು ನೋಡಿ ಅದೂ ಹೋಯಿತು. ವರದಿಯಲ್ಲಿ ಬರೆದೆ: 'ಆಸಕ್ತಿ ಮೊಳೆಯುತ್ತಿದೆ.'

ಶೆಟ್ಟೆವ್ವ ರೊಟ್ಟಿ ಬಡಿಯುತ್ತ ಅಂದಳು: "ಸುಮ್ನ ಕುಂತ್ರ ಯಾರ ಬರ್ತಾರ್ರಿ? ಈ ಹುಡುಗರಿಗೆ ಬೇಕಾಗಿದ್ದು ಒಂದ, ಇಂಗ್ಲಿಷ್. ಎಲ್ಲಾರೂ ಅದರಾಗ ಬೀಳತಾರ. ಬಿದ್ದವರು ಊರಿಗೆ ಹೋಗಿ ಕುಂದರತಾರ, ನನ್ನ ಖಾನಾವಳಿ ಖಾಲಿ ಹೊಡೀತೈತಿ. ಅದನ್ನ ಕಲಸ್ರಿ."

ಬಾಗಿಲಿಗೆ ಬೋರ್ಡು ಹಾಕಿದೆ. 'ಇಂಗ್ಲಿಷ್ ಕ್ಲಾಸು. ಪುಕ್ಕಟೆ. ಪಠ್ಯ: ಮಾರ್ಕನ ಸುವಾರ್ತೆ.' ಮರುದಿನ ನನಗೇ ಕೂಡಲು ಜಾಗ ಇರಲಿಲ್ಲ. ಬ್ರದರ್ ಬರೆದಿದ್ದಾರೆ: 'ಬಹಳ ಜಾಣತನ. ಬಲೆ ಬೀಸಿರಿ.'

ಸೆಪ್ಟೆಂಬರ್ 11

ಗದ್ದಲ ಇಳಿದು ಮೂವರು ಉಳಿದಿದ್ದಾರೆ. ಜೈನುದ್ದೀನ ಚುರುಕು. ಅವನ ಕಾಕಾ ಹಾಜಿಮಲಂಗ ಇಲ್ಲಿಯ ಮೊಹರಂದ ಅಲಾಯಿ ದೇವರ ಮಸೀದಿಯ ಮುಜಾವರ, ಅಂದರೆ ಪೂಜೆಯವನು. ಸೋಮನಿಂಗ ಇಂಡಿ ಊರಿನವನು, ಹೇಳಿದ್ದಕ್ಕೆಲ್ಲ "ಹೌದ್ರಿ ಸರ್" ಅನ್ನುತ್ತಾನೆ. ಪರೀಕ್ಷಿಸಲು ಒಂದು ದಿನ 'ಯೇಸು ಇಂಡಿಯಲ್ಲಿ ಹುಟ್ಟಿದ' ಅಂದೆ. "ಹೌದ್ರಿ ಸರ್" ಅಂದ.

ಮೂರನೆಯವನು ಸಿದ್ದರಾಯ. ಲಚ್ಯಾಣದ ಹತ್ತಿರದ ಹಳ್ಳಿ, ಕುರಿ ಕಾಯುವ ಮನೆತನ. ಪಿ.ಯು.ಸಿ. ಎರಡನೇ ವರ್ಷ, ಹೋದ ಸಲ ಎಲ್ಲದರಲ್ಲೂ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಬಿದ್ದವನು. ಇಂಗ್ಲಿಷ್ ಓದುವ ಮುಂಚೆ ಬಾವಿಗೆ ಹಾರುವವನ ಹಾಗೆ ಉಸಿರು ಎಳೆದುಕೊಂಡು ಕಣ್ಣು ಮುಚ್ಚುತ್ತಾನೆ. ವಾಕ್ಯದ ಕೊನೆಗೆ ಏಳುತ್ತಾನೆ. ನಡುವೆ ಏನಾಯಿತು ಎಂದು ಅವನಿಗೂ ಗೊತ್ತಿರುವುದಿಲ್ಲ.

ಅಕ್ಟೋಬರ್ 20. ಬಸವನ ಬಾಗೇವಾಡಿ

ದಸರೆ ರಜೆಯ ಶಿಬಿರ, ಇಲ್ಲಿಯ ಒಂದು ಧರ್ಮಶಾಲೆಯಲ್ಲಿ. ಬ್ರದರ್ ಹಾರ್ಮೋನಿಯಂ ಸಮೇತ ಬಂದರು. ಬೋಧನೆ ಮಾಡಿ, ಹಾಡಿ, ಬೆವರಿ, ಕೊನೆಗೆ ಅಂದರು: "ಎಲ್ಲರೂ ಕಣ್ಣು ಮುಚ್ಚಿರಿ. ಯೇಸುವನ್ನು ಅಂಗೀಕರಿಸುವವರು ಕೈ ಎತ್ತಿರಿ."

ನಾನು ಕಣ್ಣು ತೆರೆದು ನೋಡಿದೆ. ಒಬ್ಬನನ್ನು ಬಿಟ್ಟು ಎಲ್ಲರ ಕೈಯೂ ಮೇಲಿತ್ತು. ಧರ್ಮಶಾಲೆಯ ಕಾವಲುಗಾರ ಎತ್ತಿದ್ದ. ಅಡುಗೆಯ ಕಾಶಿಬಾಯಿ ಹಿಟ್ಟು ಮೆತ್ತಿದ ಕೈ ಎತ್ತಿದ್ದಳು. ಜೈನುದ್ದೀನ ಎರಡೂ ಎತ್ತಿದ್ದ. ಬ್ರದರ್ ಕಣ್ಣು ಬಿಟ್ಟು ನೋಡಿ ಅತ್ತೇಬಿಟ್ಟರು.

ಆಮೇಲೆ ಕಾಶಿಬಾಯಿಯನ್ನು ಕೇಳಿದೆ, ಯಾಕೆ ಎತ್ತಿದಿರಿ ಎಂದು. "ಅಷ್ಟು ದೂರದಿಂದ ಬಂದಾರ, ಅಷ್ಟು ದೀನಾಗಿ ಕೇಳಾಕತ್ತಾರ. ಇಲ್ಲ ಅಂದ್ರ ಹೆಂಗ್ರಿ?" ಅಂದಳು. ಈ ಜನರನ್ನು ರಕ್ಷಿಸಲು ಬರುವವನು ಮೊದಲು ಇವರ ಮರ್ಯಾದೆಯಿಂದ ತನ್ನನ್ನು ರಕ್ಷಿಸಿಕೊಳ್ಳಬೇಕು.

ಆದರೆ ಒಂದು ನೋಡಿದ್ದೇನೆ. ಸಿದ್ದರಾಯ ಎಲ್ಲರ ಜೊತೆ ಎತ್ತಲಿಲ್ಲ. ತುಟಿ ಅಲ್ಲಾಡಿಸುತ್ತ ಏನೋ ಲೆಕ್ಕ ಹಾಕಿ, ಕೊನೆಗೆ ಒಬ್ಬನೇ ಎತ್ತಿದ. ಬ್ರದರಿಗೆ ಅಂದೆ: ನೀರಿಗೆ ಬರುವುದಾದರೆ ಇವನೊಬ್ಬ.

ನವೆಂಬರ್ 17

ಸಿದ್ದರಾಯ ಬದಲಾಗಿದ್ದಾನೆ. ಶಿಬಿರದಿಂದ ಬಂದ ಮೇಲೆ ಚಪ್ಪಲಿ ಬಿಟ್ಟ. ಹಾಸಿಗೆ ಬಿಟ್ಟು ಬರಿನೆಲದ ಮೇಲೆ ಮಲಗುತ್ತಾನಂತೆ. ಕುರಿ ಕಾಯುವವರ ಮಗ ಖಂಡ ತಿನ್ನುವುದು ಬಿಟ್ಟಿದ್ದಾನೆ. ಗಡ್ಡ ತೆಗೆಯುವುದಿಲ್ಲ. ಯಾಕಪ್ಪ ಎಂದರೆ ತಲೆ ತಗ್ಗಿಸಿ, "ನಿಮ್ಮ ದೇವರಿಗೆ ನಡಕೊಳ್ಳಾಕತ್ತೇನ್ರಿ ಸರ್" ಅಂದ.

ನಮ್ಮ ಬ್ರದರ್ ಕೂಡ ಇಷ್ಟು ಮಾಡಿಲ್ಲ, ಅವರಿಗೆ ಸ್ಪ್ರಿಂಗಿನ ಹಾಸಿಗೆ ಇಲ್ಲದಿದ್ದರೆ ಬೆನ್ನು ನೋಯುತ್ತದೆ. ನನ್ನ ಜೀವನದಲ್ಲಿ ಮೊದಲ ಸಲ ನಿಜವಾದ ವರದಿ ಬರೆದೆ. ಬ್ರದರ್ ಅದನ್ನು ಸಂಘದ ಪತ್ರಿಕೆಯಲ್ಲಿ 'ಸಿಂದಗಿಯ ಸಂತ' ಎಂದು ಹಾಕಿದ್ದಾರೆ. ನನಗೂ ಎದೆ ಸ್ವಲ್ಪ ಉಬ್ಬಿದೆ. ಕ್ಯಾಲೆಂಡರು ತಪ್ಪಿತು.

ಜನವರಿ 22, 1975

ಮೊಹರಂ. ಊರೆಲ್ಲ ಹಲಗೆ ಸದ್ದು. ಮಧ್ಯಾಹ್ನ ಉಣ್ಣುತ್ತಿದ್ದೆ. ಬಾಗಿಲಿಗೆ ಮೂರು ಹುಡುಗರು ಬೇಡಲು ಬಂದರು, ಕೊರಳಲ್ಲಿ ಕೆಂಪು ದಾರ. ಹಣೆಯಲ್ಲಿ ನೋಡಿದರೆ ವಿಭೂತಿ.

"ಇವರು ಯಾರು ಶೆಟ್ಟೆವ್ವ? ಮುಸಲ್ಮಾನರಲ್ಲವಲ್ಲ?"

"ಯಾರರ ಇರವಲ್ರ್ಯಾಕ. ಹಸೇನ ಹುಸೇನರಿಗೆ ಬೇಡಕೊಂಡಿರ್ತಾರ್ರಿ, ಮೈಗೆ ಆರಾಮ ಆಗಲಿ, ಮದಿವಿ ಆಗಲಿ ಅಂತ. ಅದಕ್ಕ ಫಕೀರ ಆಗತಾರ. ಕೊರಳಾಗ ಲಾಡಿ ಹಾಕ್ಕೊಂಡು ಐದು ಮನಿ ಬೇಡಬೇಕು. ಬರಿಗಾಲೀಲೆ ಇರಬೇಕು, ಬರಿನೆಲಕ್ಕ ಮಲಗಬೇಕು. ಖಂಡ ತಿನ್ನಂಗಿಲ್ಲ, ಗಡ್ಡ ತಗಿಯಂಗಿಲ್ಲ. ಕಡೀ ದಿನ ದೇವರು ಹೊಳಿಗೆ ಹೋಗತಾವ, ಇವರು ಲಾಡಿ ಬಿಚ್ಚತಾರ, ಮುಜಾವರನ ಕಡೆ ಸಕ್ಕರಿ ಮ್ಯಾಲ ದೇವರ ಹೆಸರ ಓದಸತಾರ. ಮುಗೀತು, ಮತ್ತ ಮೊದಲಿನಂಗ."

ರೊಟ್ಟಿ ತಾಟಿನಲ್ಲೇ ಬಿಟ್ಟೆ. ಕೈ ತೊಳೆದುಕೊಂಡು ಸಿದ್ದರಾಯನನ್ನು ಹುಡುಕಿದೆ. ಹಲಗೆ ಬಾರಿಸುವವರ ಹತ್ತಿರ ಬರಿಗಾಲಲ್ಲಿ ನಿಂತಿದ್ದ.

"ಸಿದ್ದರಾಯ, ನೀನು ನಮ್ಮ ದೇವರಿಗೆ ಏನಾಗೀದಿ?"

"ಫಕೀರ ಆಗೇನ್ರಿ ಸರ್." ಇಷ್ಟು ದಿನ ಗೊತ್ತಿರಲಿಲ್ಲೇನು ಎಂಬಂತೆ ನೋಡಿದ. "ಹೋದ ವರ್ಷ ಅಲಾಯಿ ದೇವರಿಗೆ ಆಗಿದ್ದೆ. ಎಲ್ಲಾ ಪೇಪರ್ ಪಾಸ್ ಆತು, ಇಂಗ್ಲಿಷ್ ಒಂದ ಹೋತು. ಹಾಜಿಮಲಂಗ ಕಾಕಾನ ಕೇಳಿದೆ. 'ಇಂಗ್ಲಿಷ್ ನಮ್ಮ ಕೈಯಾಗಿಲ್ಲೋ ತಮ್ಮಾ, ಅದು ಸಾಹೇಬರ ದೇವರ ಖಾತೆ' ಅಂದ್ರು. ಅಷ್ಟರಾಗ ನೀವು ಬಂದ್ರಿ. ಕೈ ಎತ್ತಿಸಿ ಬೇಡಕೊಳ್ಳಾಕ ಹಚ್ಚಿದ್ರಿ. ಇಂಗ್ಲಿಷ್ ಪಾಸ್ ಆಗೂತನ ಅಂತ ಬೇಡಕೊಂಡೇನ್ರಿ."

ಸಿಂದಗಿಯ ಸಂತ. ನಗು ಬಂತು, ಸಿಟ್ಟು ಬಂತು, ನಾಚಿಕೆ ಎಲ್ಲಕ್ಕಿಂತ ಹೆಚ್ಚು ಬಂತು. ಎರಡು ಸಾವಿರ ವರ್ಷದ ಸುವಾರ್ತೆ ಹೊತ್ತು ತಂದು ಇಲ್ಲಿ ಒಂದು ಪೇಪರಿನ ದೇವರನ್ನು ಕೂಡಿಸಿದ್ದೇನೆ. ಹಾಗಲ್ಲಪ್ಪ ಎಂದು ಬಾಯಿ ತೆಗೆದೆ. ಅವನು ಇಷ್ಟು ನಂಬಿಕೆಯಿಂದ ನೋಡುತ್ತಿದ್ದನಲ್ಲ, "ಪ್ರೆಪೊಸಿಷನ್ ಓದಿದಿ?" ಎಂದು ಕೇಳಿ ಬಂದೆ.

ಬ್ರದರಿಗೆ ಬರೆದಿಲ್ಲ. ಬರೆದರೆ ಕ್ಯಾಲೆಂಡರು.

ಫೆಬ್ರುವರಿ 16

ಸಿದ್ದರಾಯನ ಅಪ್ಪ ಗುರಲಿಂಗಪ್ಪ ಬಂದಿದ್ದ. ಹೆಗಲಿಗೆ ಕಂಬಳಿ, ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತ. ಒಳಗೆ ಬಾ ಅಂದರೆ ಬರಲಿಲ್ಲ.

"ನೋಡ್ರಿ ಸರ್, ನನಗ ಓದು ತಿಳಿಯಂಗಿಲ್ಲ. ಇದು ಕಡೀ ಸಲ. ಈ ಸಲ ಆದ್ರ ಮುಂದ ಓದಲಿ, ಕುರಿ ಮಾರಿಯಾದ್ರೂ ಓದಸ್ತೇನಿ. ಆಗಲಿಲ್ಲಂದ್ರ ಕಂಬಳಿ ಹೊದಿಸಿ ಹಿಂಡಿನ ಹಿಂದ ಅಟ್ಟತೇನಿ. ಅದನ್ನ ಅವನಿಗೂ ಹೇಳೇನಿ."

ಆಗಲಿ ಅಂದೆ. ಅವನು ದನಿ ತಗ್ಗಿಸಿದ. "ನಿಮ್ಮ ದೇವರಿಗೆ ಏನ ನಡೀತೈತ್ರಿ? ಕುರಿ ನಡೀತೈತೇನು? ಚಲೋ ಟಗರಿನ ಮರಿ ಐತಿ."

ನಮ್ಮಲ್ಲಿ ಯೇಸುವೇ ಬಲಿಯಾದ ಕುರಿಮರಿ ಎಂದು ಹೇಳಬೇಕಾಗಿತ್ತು. ಇದಕ್ಕಿಂತ ಒಳ್ಳೆಯ ಅವಕಾಶ ಯಾವ ಬೋಧಕನಿಗೂ ಸಿಗುವುದಿಲ್ಲ, ವೇದಶಾಲೆಯಲ್ಲಿ ಇಂಥದಕ್ಕೇ ಕಾಯಬೇಕು ಅನ್ನುತ್ತಿದ್ದರು. "ಏನೂ ಬ್ಯಾಡ್ರಿ, ಹುಡುಗನ್ನ ದಿನಾ ಕಳಸ್ರಿ" ಅಂದೆ. ಹೋಗುವಾಗ ಒಂದು ಗಿಂಡಿ ಮಜ್ಜಿಗೆ ಇಟ್ಟು ಹೋದ.

ಮಾರ್ಚ್ 15

ಈಗ ಮುಂಜಾನಿ ಒಂದು ಕ್ಲಾಸು, ಸಂಜಿಗೆ ಒಂದು. ಮಾರ್ಕನ್ನ ನಿಲ್ಲಿಸೀನಿ. ಯೇಸುವನ್ನ ಹಿಡದಾಗ ಶಿಷ್ಯರೆಲ್ಲ ಬಿಟ್ಟು ಓಡಿ ಹ್ವಾದ್ರು ಅಂತ ಬರ್ತೈತಲ್ಲ, ಅಲ್ಲಿತನಕ ಆಗಿತ್ತು. ಮುಂದಿಂದು ಪರೀಕ್ಷೆಗೆ ಬರಂಗಿಲ್ಲ. ಪರೀಕ್ಷೆಗೆ ಬರೋದು ಪ್ರೆಪೊಸಿಷನ್, ರಜೆಯ ಅರ್ಜಿ, ಹಸುವಿನ ಮೇಲೆ ಪ್ರಬಂಧ. ದೇವರಿಗೆ ತಿಳೀತೈತಿ.

ಸಿದ್ದರಾಯ ಈಗ ಕಣ್ಣು ಮುಚ್ಚದೆ ಓದತಾನ. ನಿನ್ನೆ 'ಇನ್' ಎಲ್ಲಿ, 'ಇನ್ಟು' ಎಲ್ಲಿ ಅಂತ ಕೇಳಿದೆ. "ಬಾವ್ಯಾಗ ಇದ್ರ ಇನ್ ರಿ, ಬಾವಿಗೆ ಬಿದ್ರ ಇನ್ಟು" ಅಂದ. ಎದ್ದು ಬೆನ್ನು ತಟ್ಟಿದೆ. ಶಿಬಿರದಾಗ ಅಷ್ಟು ಕೈ ಮ್ಯಾಲ ಎದ್ದಾಗ ಸೈತ ನನಗ ಇಷ್ಟು ಸಂತೋಷ ಆಗಿರಲಿಲ್ಲ. ಯಾಕೋ.

ಏಪ್ರಿಲ್ 19

ಇಂಗ್ಲಿಷ್ ಪೇಪರ್ ಆತು. ಗೇಟಿನ ಹೊರಗ ಬೇವಿನ ಗಿಡದ ಕೆಳಗ ನಿಂತಿದ್ದೆ. ಕರಪತ್ರ ಹಂಚಾಕಲ್ಲ, ಸುಮ್ನ. ಸಿದ್ದರಾಯ ಹೊರಗ ಬಂದು "ಬರದೇನ್ರಿ" ಅಂದ, ಮುಖಾ ನೋಡಿದ್ರ ಏನೂ ತಿಳೀಲಿಲ್ಲ. ಪ್ರಶ್ನೆಪತ್ರಿಕೆ ಇಸಗೊಂಡು ಅಲ್ಲೇ ಕುಂತು ನಾನ ಬಿಡಿಸಿದೆ. ನನಗ ಒಂದು ಬರಲಿಲ್ಲ. ಅವನಿಗೆ ಹೇಳಲಿಲ್ಲ.

ಬ್ರದರಿಂದ ಪತ್ರ. ಮೇ 18, ರವಿವಾರ, ನಿಡಗುಂದಿ ಹತ್ತಿರ ಕೃಷ್ಣಾ ಹೊಳ್ಯಾಗ ದೀಕ್ಷಾಸ್ನಾನ. ವಿಲಾಯತಿಯಿಂದ ಒಬ್ಬ ಅತಿಥಿ ಬರ್ತಾರ, ಕ್ಯಾಮೆರಾ ತರ್ತಾರ. 'ಸಿಂದಗಿಯ ಸಂತನನ್ನು ಕರೆತನ್ನಿ.' ಸಿದ್ದರಾಯನ್ನ ಕೇಳಿದೆ. "ಮುಣಗೂದೇನ್ರಿ? ಮುಣಗತೇನ್ರಿ" ಅಂದ. ಇವನಿಗೆ ಪೂರ್ತಿ ತಿಳಿಸಿ ಹೇಳಬೇಕು. ನಾಳೆ ಹೇಳಬೇಕು.

ಮೇ 18. ನಿಡಗುಂದಿ

ಹೇಳಿರಲಿಲ್ಲ. ದಿನಾ ನಾಳೆ ನಾಳೆ ಅಂತ ಇವತ್ತಿಗೆ ಬಂತು.

ಬಾಗೇವಾಡ್ಯಾಗ ಬಸ್ಸು ಬದಲಿಸಿ ಹೊಳಿಗೆ ಬಂದ್ವಿ, ನಾನು, ಸಿದ್ದರಾಯ. ಅವನ ಕೈಯಾಗ ಒಂದು ತೆಂಗಿನಕಾಯಿ, ಬಗಲಾಗ ಒಂದು ಚೀಲ. ಬ್ರದರ್ ಬಿಳಿ ನಿಲುವಂಗಿ ತೊಟ್ಟು ಮೊಣಕಾಲು ನೀರಾಗ ಇಳದು ನಿಂತಿದ್ರು. ಬ್ಯಾಸಗಿ ಹೊಳಿ, ಮುಣಗುವಷ್ಟು ನೀರು ಹುಡುಕೂದ ಕಷ್ಟ ಆಗಿತ್ತು. ಅತಿಥಿ ದಂಡ್ಯಾಗ ಕ್ಯಾಮೆರಾ ಹಿಡದಿದ್ದ, ಬಿಸಲಿಗೆ ಟೊಮ್ಯಾಟೊ ಆಗಿದ್ದ.

ಸಿದ್ದರಾಯ ನನ್ನ ಕಿವ್ಯಾಗ ಕೇಳಿದ: "ಸರ್, ಮುಣಗಿ ಎದ್ದ ಮ್ಯಾಲ ಇಲ್ಲೇ ಹಾಕ್ಕೊಳ್ಳಲೇನ್ರಿ, ಊರಿಗೆ ಹೋಗಿ ಹಾಕ್ಕೊಳ್ಳಲೋ?" ಚೀಲ ತೆರೆದು ತೋರಿಸಿದ. ಹೊಸ ಚಪ್ಪಲಿ.

ಅಲಾಯಿ ದೇವರು ಕಡೀ ದಿನ ಹೊಳಿಗೆ ಹೋಗತಾವ, ಲಾಡಿ ಬಿಚ್ಚತಾರ, ಮುಗೀತು. ನಮ್ಮ ಬ್ರದರಿಗೆ ಈ ನೀರು ಶುರುವಾತ, ಈ ಹುಡುಗನಿಗೆ ಇದು ಮುಗತಾಯ. ಸಂಜಿಗೆ ಇಂವ ಚಪ್ಪಲಿ ಹಾಕ್ಕೊಂಡು, ಖಂಡ ತಿಂದು ಆರಾಮ ಇರ್ತಾನ. ಇವನ ಫೋಟೋ ವಿಲಾಯತಿ ಗೋಡೆ ಮ್ಯಾಲ ಇರ್ತೈತಿ. ಊರಾಗ ಅವರಪ್ಪ ಮಂದಿಗೆ ಉತ್ತರ ಕೊಡ್ತಾನ.

ನೀರಿಗೆ ಇಳದು ಬ್ರದರಿಗೆ ಎಲ್ಲಾ ಹೇಳಿದೆ, ಫಕೀರ, ಇಂಗ್ಲಿಷ್ ಪೇಪರ್, ಚಪ್ಪಲಿ. ಅವರ ಮುಖ ಸಣ್ಣದಾತು. ಕೆಟ್ಟ ಮನಷ್ಯಾ ಅಲ್ಲ ಅವರು. ದಂಡ್ಯಾಗಿನ ಕ್ಯಾಮೆರಾ ನೋಡಿದ್ರು. ಆಮ್ಯಾಲ ಅಂದ್ರು: "ಸಹೋದರ, ಮೊದಲು ಸ್ನಾನ ಆಗಲಿ. ಅರ್ಥ ನಿಧಾನವಾಗಿ ಬರುತ್ತದೆ. ಅತಿಥಿಗಳು ನಾಳೆ ಹೊರಡುತ್ತಾರೆ."

ನಾ ದಂಡಿಗೆ ಬಂದೆ. ಸಿದ್ದರಾಯ ಅಂಗಿ ಬಿಚ್ಚಾಕತ್ತಿದ್ದ. "ರಿಸಲ್ಟ್ ಬಂದೈತೇನೋ?" ಅಂದೆ. "ಇಲ್ರಿ." "ಮತ್ತ? ಬೇಡಿಕೊಂಡಿದ್ದು ಆಗೂಕಿಂತ ಮೊದಲ ಹೊಳಿಗೆ ಇಳಿತಾರೇನು ಯಾರರ?" "ಹೌದಲ್ರಿ ಸರ್, ದೊಡ್ಡ ತಪ್ಪ ಆಗತಿತ್ತು" ಅಂದು ಅಂಗಿ ಗುಂಡಿ ಹಾಕ್ಕೊಂಡ.

ಬ್ರದರ್ ನೀರಾಗ ಕೈ ಚಾಚಿ ನಿಂತಾವರು ಹಂಗ ನಿಂತಿದ್ರು. ಅತಿಥಿ ಅವರದೊಂದು ಫೋಟೋ ಹೊಡಕೊಂಡ. ದಂಡಿಗೆ ಬಂದು ಬ್ರದರ್ ಎರಡು ಮಾತು ಹೇಳಿದ್ರು. ಒಂದು, ಸಿಂದಗಿ ಮುಚ್ಚಿತು, ಜೂನ್ ಮುಗಿಯೂದರಾಗ ಹುಬ್ಬಳ್ಳಿಗೆ ಬರಬೇಕು. ಇನ್ನೊಂದು, "ನಿಮ್ಮ ಕನ್ನಡ ಯಾಕೆ ಹೀಗಾಗಿದೆ?" ಏನಾಗೇತಿ ಅಂದೆ.

ಯಾಕ ಹಂಗ ಮಾಡಿದೆನೋ. ಬಿಸಲಿಗೆ ತಲಿ ಕೆಟ್ಟಿತ್ತು. ಬರೂಮುಂದ ಬಸ್ ಸ್ಟ್ಯಾಂಡಿನ್ಯಾಗ ಕಾಯಿ ಒಡದು ತಿಂದ್ವಿ.

ಜೂನ್ 3. ಸಿಂದಗಿ

ರಿಸಲ್ಟ್ ಇನ್ನೂ ಇಲ್ಲ. ಖೋಲ್ಯಾಗ ಧಗಿ ಅಂದ್ರ ಧಗಿ. ಮಂಚಾ ಹೊರಗ ಹಾಕೀನಿ, ನೆಲಾ ತಂಪ ಇರ್ತೈತಿ, ನೆಲದ ಮ್ಯಾಲ ಮಲಗತೇನಿ. ಚಪ್ಪಲಿ ಉಂಗುಟ ಹರದು ಬಾಳ ದಿನಾ ಆತು, ಹೊಲಿಸಬೇಕು. ಶೆಟ್ಟೆವ್ವನ ಕಣ್ಣು ತಪ್ಪಿಸಿ ಚಾಂದಸಾಬನ ಅಂಗಡ್ಯಾಗ ತತ್ತಿ ತಿಂತಿದ್ದೆ, ಈಗ ಯಾಕೋ ಬಾಯಿಗೆ ರುಚಿ ಹತ್ತವಲ್ದು. ಬ್ಲೇಡು ತೀರ್‍ಯಾವು. ಶೆಟ್ಟೆವ್ವ ನನ್ನ ಗಡ್ಡಾ ನೋಡಿ, ಕಾಲು ನೋಡಿದ್ಲು. ಸಾರು ಇನ್ನೊಂದು ಸೌಟು ಬಡಿಸಿದ್ಲು.

ಜೂನ್ 8

ಗುರಲಿಂಗಪ್ಪ ಸಂತಿಗೆ ಬಂದಾಂವ ಮಗನ ಅಳತಿಗೆ ಒಂದು ಕಂಬಳಿ ತಂದಾನ. ಸಿಟ್ಟಿಲ್ಲ ಅವನಿಗೆ. ಮಗನ ಹೆಗಲಿಗೆ ಹಿಡದು ನೋಡಿ, "ಆತು ಬಿಡು, ಸರಿ ಆಗತೈತಿ" ಅಂದ. ಸಿದ್ದರಾಯ ಕಂಬಳಿ ಮಡಚಿ ಬಗಲಾಗ ಇಟ್ಕೊಂಡ. ನನಗ ತಡಕೊಳ್ಳಾಕ ಆಗಲಿಲ್ಲ.

ಖೋಲಿಗೆ ಬಂದು ಬಾಗಲಾ ಹಾಕ್ಕೊಂಡು ಪ್ರಾರ್ಥನೆಗೆ ಕುಂತೆ. ನಿನ್ನ ಚಿತ್ತವೇ ನೆರವೇರಲಿ ಅನ್ನಬೇಕು ಅಂತ ನನಗ ಗೊತ್ತೈತಿ, ಮಂದಿಗೆಲ್ಲಾ ಅದನ್ನ ಹೇಳೀನಿ. ನಾ ಅನ್ನಲಿಲ್ಲ. ನೆಟ್ಟಗ ಹೇಳಿದೆ: ಸ್ವಾಮೀ, ಈ ಹುಡುಗನ್ನ ನೀನ ಇಟ್ಟುಕೋ ಅಂತ ವರ್ಷಾ ಪೂರ್ತಿ ಬೇಡೀನಿ. ಇನ್ನ ಬೇಡಂಗಿಲ್ಲ. ಇಂವ ಇಂಗ್ಲಿಷಿನ್ಯಾಗ ಪಾಸಾಗಲಿ. ಪಾಸಾದ್ರ ಇವನ ಮುಂದ ನಿನ್ನ ಹೆಸರ ನಾ ಎಂದೂ ಎತ್ತಂಗಿಲ್ಲ. ಇವನ್ನ ಇವರಪ್ಪಗ, ಇವನ ಓದಿಗೆ ಬಿಟ್ಟುಕೊಡ್ತೇನಿ. ನನ್ನ ಕಡೆ ಬ್ಯಾರೆ ಏನೂ ಇಲ್ಲ ನಿನಗ ಕೊಡಾಕ, ಇವನೊಬ್ಬನ ಇದ್ದ.

ಇದು ಬರೇ ಮಾತುಕತಿ. ಹರಕಿ ಗಿರಕಿ ನಮ್ಮಾಗಿಲ್ಲ.

ಜೂನ್ 13

ರಿಸಲ್ಟಿನ ಪೇಪರ್ ವಿಜಾಪುರದ ಬಸ್ಸಿಗೆ ಬಂತು. ಹುಡುಗರು ಬಸ್ಸು ನಿಲ್ಲೂಕಿಂತ ಮೊದಲ ಟಪ್ಪಿಗೆ ಹತ್ತಿ ಗಂಟು ಬಿಚ್ಚಿದ್ರು. ಸಿದ್ದರಾಯನ ನಂಬರ್ ಐತಿ. ನಾ ನೋಡಿದೆ, ಜೈನುದ್ದೀನ ನೋಡಿದ, ಶೆಟ್ಟೆವ್ವಗ ಓದಾಕ ಬರಂಗಿಲ್ಲ, ಆಕಿನೂ ಬೆರಳಿಟ್ಟು ನೋಡಿದ್ಲು. ಜೈನುದ್ದೀನನೂ ಪಾಸ್. ಸೋಮನಿಂಗ ಬಿದ್ದಾನ, ಬಿದ್ದೆಲ್ಲಪ್ಪಾ ಅಂದ್ರ "ಹೌದ್ರಿ ಸರ್" ಅಂದ. ನನಗ ಅಳು ಬಂತು, ಧೂಳಿ ಬಿದ್ದೈತಿ ಅಂದೆ.

ಸಂಜಿಗೆ ಮೂವರೂ ಖೋಲಿಗೆ ಬಂದ್ರು, ಹಿಂದ ಶೆಟ್ಟೆವ್ವ. ಸಿದ್ದರಾಯನ ಕಾಲಾಗ ಹೊಸ ಚಪ್ಪಲಿ, ಗಡ್ಡ ಬೋಳಿಸ್ಯಾನ. ತಾಟಿನ್ಯಾಗ ಸಕ್ಕರಿ ತಂದಿದ್ದ. ನನ್ನ ಮುಂದ ಇಟ್ಟು ಕೈ ಮುಗದು ಕುಂತ. "ಓದಿ ಕೊಡ್ರಿ ಸರ್. ನಿಮ್ಮ ದೇವರ ಹೆಸರೀಲೆ. ಅದಾದ್ರ ಮುಗೀತು."

ಬಾಯಿ ತೆರದೆ, ಕೊಟ್ಟ ಮಾತು ನೆಪ್ಪಾತು. ಹೆಸರ ಎತ್ತಂಗಿಲ್ಲ ಅಂದೀನಿ. ಎಲ್ಲಾರೂ ಕಣ್ಣು ಮುಚ್ಚಿ ಕಾಯಾಕತ್ತಿದ್ರು. ಬ್ಯಾರೆ ಏನೂ ತೋಚಲಿಲ್ಲ. ಸಕ್ಕರಿ ಮ್ಯಾಲ ಕೈಯಿಟ್ಟು, ದನಿ ಎಳದು, ಇನ್, ಇನ್ಟು, ಆನ್, ಅಪಾನ್, ಅಂಡರ್, ಬಿಟ್ವೀನ್ ಅಂತ ಅಷ್ಟೂ ಪ್ರೆಪೊಸಿಷನ್ ಹೇಳಿದೆ. ಜೈನುದ್ದೀನ "ಆಮೀನ್" ಅಂದ. ಶೆಟ್ಟೆವ್ವ ಸೆರಗ ಕಣ್ಣಿಗೆ ಒತ್ತಿಕೊಂಡ್ಲು. ಇಷ್ಟು ಭಕ್ತಿಯ ಕೂಟ ನನ್ನ ಸೇವೆದಾಗ ಆಗೇ ಇಲ್ಲ. ವರದಿ ಬರಿಯೂ ಹಂಗಿಲ್ಲ.

ಜೂನ್ 30. ಹುಬ್ಬಳ್ಳಿ ಬಸ್ಸಿನ್ಯಾಗ

ಉಳದ ಕರಪತ್ರ ಎಲ್ಲಾ ಶೆಟ್ಟೆವ್ವಗ ಕೊಟ್ಟೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಾಳ, ಅದರಾಗ ಕಟ್ಟಿ. ಖಾರ ಬಾಳ ಹಾಕೀನ್ರಿ ಅಂದ್ಲು.

ಬಸ್ ಸ್ಟ್ಯಾಂಡಿಗೆ ಸಿದ್ದರಾಯ ಬಂದಿದ್ದ, ನನ್ನ ಟ್ರಂಕು ಹೊತಗೊಂಡು. ಕಾಲೇಜಿಗೆ ಬಿ.ಎ. ಹೆಸರ ಹಚ್ಚ್ಯಾನ. ಅವರಪ್ಪ ಆ ಕಂಬಳಿ ತಾನ ಹೊತಗೊಂಡಾನಂತ. ಟ್ರಂಕು ಟಪ್ಪಿಗೆ ಏರಿಸಿ ಬಂದು ಕಿಡಕಿ ಕೆಳಗ ನಿಂತ. ಹೋಗಲಿಲ್ಲ.

"ಸರ್, ಒಂದ ಕೇಳ್ಲೇನ್ರಿ? ಹರಕಿದ್ದಲ್ಲ, ಅದು ಮುಗೀತು. ಪರೀಕ್ಷಾದ್ದೂ ಅಲ್ಲ."

"ಕೇಳು."

"ಮಾರ್ಕನ ಪುಸ್ತಕದಾಗ ಅವನ್ನ ಹಿಡಕೊಂಡು ಹೊಂಟಾಗ ಎಲ್ಲಾರೂ ಬಿಟ್ಟು ಓಡಿ ಹ್ವಾದ್ರು ಅಂತ ಓದಿದ್ವಿ. ಅಲ್ಲಿಗೆ ನೀವು ವ್ಯಾಕರಣ ಹಿಡದ್ರಿ. ನನಗ ಅದ ತಲ್ಯಾಗ ಉಳದೈತಿ. ಅಷ್ಟು ಮಂದಿಗೆ ಚಲೋ ಮಾಡಿದಾಂವ, ಒಬ್ಬನ ನಿಂತ. ಹೊಳಿ ದಂಡ್ಯಾಗ ನೀವೂ ನನ್ನ ಸಲುವಾಗಿ ಒಬ್ಬರ ನಿಂತ್ರಿ, ನೌಕರಿ ಹೋತು, ಜೈನುದ್ದೀನ ಹೇಳಿದ. ಮುಂದೇನಾತ್ರಿ ಅವಂದು? ಅಂವ ಯಾರ್ರಿ?"

ವರ್ಷಾ ಪೂರ್ತಿ ಹಂಚಿದೆ, ಹಾಡಿದೆ, ಚಾಪಿ ಹಾಸಿ ಕುಂತೆ. ಒಬ್ಬನೂ ಇದನ್ನ ಕೇಳಿರಲಿಲ್ಲ. ಹುಬ್ಬಳ್ಯಾಗ ಆರು ವರ್ಷ ಇದ್ದಾಗಲೂ ಯಾರೂ ಕೇಳಿಲ್ಲ. ಉತ್ತರ ನಾಲಿಗಿ ತುದಿಗೆ ಬಂದು ಕುಂತಿತ್ತು. ಬಾಯಿ ತೆರದೆ. ಇವನ ಮುಂದ ಆ ಹೆಸರ ಎತ್ತಂಗಿಲ್ಲ ಅಂತ ಮಾತು ಕೊಟ್ಟೀನಿ, ಮುಚ್ಚಿದೆ.

ಅಂವ ನನ್ನ ಗಡ್ಡಾ ನೋಡಿದ. ಬಸ್ಸಿನ ಬಾಗಲಕ್ಕ ಬಂದು ಬಗ್ಗಿ ನನ್ನ ಕಾಲು ನೋಡಿದ. ಅವನ ಮುಖಾ ಬದಲಾತು.

"ಹರಕಿ ಐತೇನ್ರಿ ಸರ್?"

"ಚಪ್ಪಲಿ ಹರದಾವು" ಅಂದೆ.

"ತಪ್ಪಾತ್ರಿ. ಹರಕ್ಯಾಗ ಇದ್ದಾವರನ್ನ ಕೇಳಬಾರದು." ದನಿ ತಗ್ಗಿಸಿದ. "ಯಾವತ್ತ ಬಿಚ್ಚತೀರಿ ಹೇಳ್ರಿ. ಅವತ್ತ ಬರ್ತೇನಿ, ಹುಬ್ಬಳ್ಳಿಗೆ ಬರ್ತೇನಿ. ಅವತ್ತ ಹೇಳ್ರಿ, ಅಂವ ಯಾರು ಅಂತ."

ಯಾವತ್ತ ಅಂತ ಹೇಳ್ಲಿ? ಈ ಸೀಮ್ಯಾಗ ಸಣ್ಣ ಹುಡುಗ ಸೈತ ಬಿಚ್ಚೂ ದಿನಾ ನಿಕ್ಕಿ ಮಾಡದ ಲಾಡಿ ಕಟ್ಟಿಕೊಳ್ಳಂಗಿಲ್ಲ. ಎಂದೂ ಎತ್ತಂಗಿಲ್ಲ ಅಂತ ಅಂದಾಂವ ನಾನೊಬ್ಬನ.

ಬಸ್ಸು ಬಿಟ್ಟಿತು. ಅಂವ ಅಲ್ಲೇ ನಿಂತಿದ್ದ, ಚಪ್ಪಲಿ ಹಾಕ್ಕೊಂಡು, ನಾ ಬಿಚ್ಚೂ ದಿನಾ ಹೇಳತೇನಿ ಅಂತ ಕಾಯಕೋತ.